ಎಳೆ ವಯಸ್ಸಿನ ಹೃದಯಾಘಾತ ಮನೆತನದಲ್ಲಿದ್ದರೆ: ಎಲ್‌ಡಿಎಲ್‌ಆರ್ ಜೀನಿನ ಜಾಡು ಹಿಡಿಯುವ ಸಮಗ್ರ ಮಾರ್ಗದರ್ಶಿ

ಅಜ್ಜ ನಲವತ್ತೆಂಟಕ್ಕೆ ಹೋದ, ಕಾಕಾ ನಲವತ್ತೆರಡಕ್ಕೆ. ಈಗ ಅಣ್ಣನಿಗೆ ಮೂವತ್ತೊಂಬತ್ತಕ್ಕೇ ಸ್ಟೆಂಟ್. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇಂಥ ಮನೆತನಗಳ ಮಾತು ಬಂದಾಗ "ಅವರ ಮನ್ಯಾಗ ಗಂಡಸರಿಗೆ ಆಯುಷ್ಯ ಕಡಿಮಿ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. "ಕುಂತಲ್ಲೇ ಹೋದ, ಪುಣ್ಯವಂತನ ಸಾವು" ಎನ್ನುವವರೂ ಇದ್ದಾರೆ. ಆದರೆ ಅಂಥ ಹಲವು ಮನೆಗಳಲ್ಲಿ ಸಾವಿಗೆ ಕಾರಣ ಗೊತ್ತುಮಾಡಿಕೊಳ್ಳಬಹುದು, ಅದಕ್ಕೆ ಔಷಧವೂ ಇದೆ. ಆ ಕಾರಣದ ಹೆಸರು ವಂಶಪಾರಂಪರ್ಯ ಅಧಿಕ ಕೊಲೆಸ್ಟ್ರಾಲ್. ಅದರ ಮೂಲ ಹೆಚ್ಚಿನ ಮನೆಗಳಲ್ಲಿ ಎಲ್‌ಡಿಎಲ್‌ಆರ್ ಎಂಬ ಒಂದೇ ಒಂದು ಜೀನಿನ ದೋಷ.

ಜಗತ್ತಿನ ಲೆಕ್ಕದಲ್ಲಿ ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತದೆ. 2011ರ ಜನಗಣತಿಯ ಪ್ರಕಾರ ಈ ಮೂರು ಜಿಲ್ಲೆಗಳ ಜನಸಂಖ್ಯೆ 88 ಲಕ್ಷ. ಜಾಗತಿಕ ಸರಾಸರಿಯನ್ನೇ ಹಿಡಿದರೂ ಮೂವತ್ತು ಸಾವಿರ ಜನರ ಆಸುಪಾಸು ಆಗುತ್ತದೆ. ಇವರಲ್ಲಿ ಹೆಚ್ಚಿನವರಿಗೆ ತಮಗಿರುವ ತೊಂದರೆಯ ಹೆಸರೇ ಗೊತ್ತಿರುವುದಿಲ್ಲ. ಒಬ್ಬರ ರಿಪೋರ್ಟ್ ಹಿಡಿದು ಇಡೀ ಮನೆತನವನ್ನು ಹೇಗೆ ತಪಾಸಣೆಗೆ ಒಳಪಡಿಸಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ. ಇದನ್ನು ಓದಿ ಡಾಕ್ಟರರ ಬಳಿಗೆ ಹೋಗಿ. ಗುಳಿಗೆ, ಅದರ ಪ್ರಮಾಣ ಎರಡನ್ನೂ ಅವರೇ ತೀರ್ಮಾನಿಸಬೇಕು.

ಮೊದಲು ಜೀನಿನ ಕೆಲಸ ತಿಳಿದುಕೊಳ್ಳಿ

ಕೊಲೆಸ್ಟ್ರಾಲ್ ಎಣ್ಣೆಯ ಜಾತಿಯದು, ರಕ್ತದಲ್ಲಿ ಕರಗುವುದಿಲ್ಲ. ಅದನ್ನು ಪ್ರೋಟೀನಿನ ಹೊದಿಕೆಯಿರುವ ಸಣ್ಣ ಉಂಡೆಗಳಲ್ಲಿ ದೇಹ ಸಾಗಿಸುತ್ತದೆ. ಎಲ್‌ಡಿಎಲ್ ಅಂಥ ಒಂದು ಬಗೆಯ ಉಂಡೆ. ರಕ್ತದಲ್ಲಿ ಸುತ್ತುವ ಈ ಉಂಡೆಗಳನ್ನು ಹಿಡಿದು ಜೀವಕೋಶದ ಒಳಗೆ ಎಳೆದುಕೊಳ್ಳುವುದಕ್ಕೆ ಕೋಶದ ಹೊರಮೈಯಲ್ಲಿ ಒಂದು ಪ್ರೋಟೀನ್ ಇದೆ. ಅದೇ ಎಲ್‌ಡಿಎಲ್ ರಿಸೆಪ್ಟರ್, ಅಂದರೆ ಗ್ರಾಹಕ. ಈ ಗ್ರಾಹಕವನ್ನು ತಯಾರಿಸುವ ಸೂಚನೆ ಇರುವುದು 19ನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿರುವ ಎಲ್‌ಡಿಎಲ್‌ಆರ್ ಜೀನಿನಲ್ಲಿ. ಜೀನಿನಲ್ಲಿ 18 ಎಕ್ಸಾನ್‌ಗಳಿವೆ (ಸೂಚನೆ ಬರೆದಿರುವ ತುಣುಕುಗಳು), ಅದು ಕಟ್ಟುವ ಪ್ರೋಟೀನಿನ ಉದ್ದ 860 ಅಮೈನೋ ಆಮ್ಲ.

ಗ್ರಾಹಕ ಎಲ್‌ಡಿಎಲ್ ಉಂಡೆಯನ್ನು ಹಿಡಿದ ಮೇಲೆ ಕೋಶದ ಪೊರೆ ಆ ಜಾಗದಲ್ಲಿ ಒಳಕ್ಕೆ ಗುಳಿಬಿದ್ದು, ಚೀಲದಂತೆ ಕಿತ್ತುಕೊಂಡು ಒಳಗೆ ಹೋಗುತ್ತದೆ. ಅಲ್ಲಿನ ಆಮ್ಲೀಯ ವಾತಾವರಣದಲ್ಲಿ ಉಂಡೆ ಕಳಚಿಕೊಳ್ಳುತ್ತದೆ, ಬರಿದಾದ ಗ್ರಾಹಕ ಮತ್ತೆ ಹೊರಮೈಗೆ ಬಂದು ನಿಲ್ಲುತ್ತದೆ. ಒಂದು ಸುತ್ತಿಗೆ ಸುಮಾರು ಹತ್ತು ನಿಮಿಷ ಸಾಕು. ಈ ಕೆಲಸದ ಬಹುಪಾಲು ನಡೆಯುವುದು ಯಕೃತ್ತಿನಲ್ಲಿ.

ಜೀನಿನ ಎರಡು ಪ್ರತಿಗಳಲ್ಲಿ ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆ. ಒಂದು ಕೆಟ್ಟರೆ ಸರಿಯಾಗಿ ಕೆಲಸ ಮಾಡುವ ಗ್ರಾಹಕಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತವೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಎರಡು ತೂಕದ ಕಾಟಾಗಳಲ್ಲಿ ಒಂದು ಕೆಟ್ಟು ನಿಂತರೆ ಟ್ರ್ಯಾಕ್ಟರ್‌ಗಳ ಸಾಲು ಹೆದ್ದಾರಿಯವರೆಗೆ ಬೆಳೆಯುತ್ತದಲ್ಲ, ಹಾಗೆ ಎಲ್‌ಡಿಎಲ್ ರಕ್ತದಲ್ಲೇ ನಿಲ್ಲುತ್ತದೆ. ಹುಟ್ಟಿದ ದಿನದಿಂದಲೇ ಇದು ನಡೆದಿರುತ್ತದೆ. ಇಪ್ಪತ್ತು ಮೂವತ್ತು ವರ್ಷ ಹೀಗೆ ನಿಂತ ಎಲ್‌ಡಿಎಲ್ ಹೃದಯದ ರಕ್ತನಾಳಗಳ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಎಳೆಯ ವಯಸ್ಸಿನಲ್ಲೇ ನಾಳ ಕಟ್ಟುವುದು ಈ ಕಾರಣಕ್ಕೆ. ಆದ್ದರಿಂದ "ತೆಳ್ಳಗ ಅದಾನ, ಹೊಲದಾಗ ದುಡೀತಾನ, ಅವಗೇನು ಕೊಲೆಸ್ಟ್ರಾಲ್" ಎಂಬ ಮಾತನ್ನು ಈ ವಿಷಯದಲ್ಲಿ ನಂಬಬೇಡಿ. ಮೈಕಟ್ಟು ನೋಡಿ ಇದನ್ನು ಹೇಳಲಿಕ್ಕಾಗುವುದಿಲ್ಲ.

ಈ ಗ್ರಾಹಕವನ್ನು 1970ರ ದಶಕದಲ್ಲಿ ಕಂಡುಹಿಡಿದವರು ಅಮೆರಿಕದ ಡಲ್ಲಾಸ್‌ನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅವರು ಆ ಹುಡುಕಾಟ ಶುರು ಮಾಡಿದ್ದು ಎರಡೂ ಪ್ರತಿ ಕೆಟ್ಟು, ಎಳೆ ವಯಸ್ಸಿನಲ್ಲೇ ಹೃದ್ರೋಗಕ್ಕೆ ಒಳಗಾದ ಮಕ್ಕಳ ಕೋಶಗಳಿಂದ. ಅಂಥ ಮಕ್ಕಳು ನಮ್ಮ ಕಡೆ ಹುಟ್ಟುವ ಸಾಧ್ಯತೆ ಏಕೆ ಹೆಚ್ಚು ಎಂಬುದಕ್ಕೆ ಮುಂದೆ ಬರುತ್ತೇನೆ.

ಹಂತ 1: ಮನೆತನದ ನಕ್ಷೆ ಬರೆಯಿರಿ

ರಕ್ತ ಪರೀಕ್ಷೆಗಿಂತ ಮೊದಲು ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ತೀರಿಹೋದವರ ಗುರುತಿನ ಮೇಲೆ ಓರೆಗೆರೆ. ಎಳೆ ವಯಸ್ಸಿನ ಹೃದಯಾಘಾತ ಅಥವಾ ಅಧಿಕ ಕೊಲೆಸ್ಟ್ರಾಲ್ ಇದ್ದವರ ಗುರುತನ್ನು ಕಪ್ಪಾಗಿ ತುಂಬಿ. ಗಂಡ ಹೆಂಡತಿಯ ನಡುವೆ ಒಂದು ಗೆರೆ, ಸಂಬಂಧದಲ್ಲೇ ಮದುವೆಯಾಗಿದ್ದರೆ ಎರಡು ಗೆರೆ. ಮೊದಲು ಪತ್ತೆಯಾದವರಿಗೆ ಬಾಣದ ಗುರುತು. ಕನಿಷ್ಠ ಮೂರು ತಲೆಮಾರು ಬರಬೇಕು.

ಬೇರೆ ಊರಿನವರಿಗೆ ಇಲ್ಲದ ಒಂದು ಅನುಕೂಲ ನಮಗಿದೆ: ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಮನೆಮುಂದೆ ಬಂದು ವಂಶಾವಳಿ ಓದಿ, ಕಾಳುಕಡಿ ಪಡೆದು ಹೋಗುವ ಹೆಳವರ ಚೋಪಡಿಯಲ್ಲಿ ತಲೆಮಾರುಗಳ ಹೆಸರು ಇರುತ್ತದೆ. ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೆ ಕೂಡಿಸಿಕೊಂಡು ಪೂರ್ತಿ ಬರೆದುಕೊಳ್ಳಿ. ಯಾರು ಯಾರ ಮಗ, ಯಾವ ಶಾಖೆ ಯಾವ ಊರಿಗೆ ಹೋಯಿತು ಎಂಬುದು ಅಲ್ಲಿ ಸಿಗುತ್ತದೆ. ಸತ್ತ ವಯಸ್ಸು, ಕಾರಣಗಳನ್ನು ಮಾತ್ರ ನೀವೇ ಹಿರಿಯರನ್ನು ಕೇಳಿ ತುಂಬಬೇಕು. ಕೊಟ್ಟ ಹೆಣ್ಣುಮಕ್ಕಳ ಮನೆಗಳನ್ನೂ ನೀವೇ ಸೇರಿಸಬೇಕು, ಅವನ್ನು ಬಿಟ್ಟರೆ ಅರ್ಧ ನಕ್ಷೆಯೇ ಹೋದಂತೆ. ಈ ಜೀನು ಹೆಣ್ಣಿನ ಮೂಲಕವೂ ಗಂಡಿನಷ್ಟೇ ಸಾಗುತ್ತದೆ. ಸಾಂಗ್ಲಿ, ಮಿರಜ, ಕೊಲ್ಹಾಪುರ, ಸೊಲ್ಲಾಪುರಕ್ಕೆ ಕೊಟ್ಟ ಅತ್ತಿಯರ ಮಕ್ಕಳು ಗಡಿ ದಾಟಿದ್ದಾರೆಂದು ಲೆಕ್ಕದಿಂದ ಬಿಟ್ಟುಹೋಗಬಾರದು.

ಹಿರಿಯರನ್ನು ಕೇಳುವಾಗ "ಹಾರ್ಟ್ ಅಟ್ಯಾಕ್ ಆಗಿತ್ತಾ" ಎಂದಷ್ಟೇ ಕೇಳಿದರೆ ಉತ್ತರ ಸಿಗುವುದಿಲ್ಲ. ಎದಿಬ್ಯಾನಿ ಅಂತಿದ್ದರೇ? ಹೊಟ್ಟಿಯೊಳಗಿನ ವಾಯು ಎದಿಗೆ ಏರೇತಿ ಅಂದಿದ್ದರೇ? ಹೊಲದಲ್ಲಿ, ಸಂತೆಯಲ್ಲಿ ಇದ್ದಕ್ಕಿದ್ದಂತೆ ಬಿದ್ದು ಹೋದರೇ? ಲಕ್ವಾ ಹೊಡೆದಿತ್ತೇ? ವಯಸ್ಸು ಗೊತ್ತಿಲ್ಲದಿದ್ದರೆ "ನಿಮ್ಮ ಮದುವಿ ಆದಾಗ ಅವರು ಇದ್ದರೇ, ಮಕ್ಕಳು ಎಷ್ಟನೇ ಇಯತ್ತೆ ಇದ್ದರು" ಎಂದು ಕೇಳಿ ಅಂದಾಜು ಮಾಡಿ. ಗಂಡಸರಲ್ಲಿ 55ಕ್ಕಿಂತ ಮೊದಲು, ಹೆಂಗಸರಲ್ಲಿ 60ಕ್ಕಿಂತ ಮೊದಲು ಬಂದ ಹೃದ್ರೋಗವನ್ನು ಎಳೆ ವಯಸ್ಸಿನದು ಎಂದು ಗುರುತಿಸಿ.

ಹಂತ 2: ಲಿಪಿಡ್ ಪ್ರೊಫೈಲ್ ಮಾಡಿಸಿ, ಎಲ್‌ಡಿಎಲ್ ಅಂಕಿಯನ್ನೇ ನೋಡಿ

ಲಿಪಿಡ್ ಪ್ರೊಫೈಲ್ ಎಂದರೆ ರಕ್ತದಲ್ಲಿರುವ ಬೇರೆ ಬೇರೆ ಕೊಬ್ಬಿನ ಅಂಶಗಳನ್ನು ಅಳೆಯುವ ಪರೀಕ್ಷೆ. ತಾಲ್ಲೂಕು ಮಟ್ಟದ ಲ್ಯಾಬ್‌ಗಳಲ್ಲೂ ಅದು ಆಗುತ್ತದೆ. ಎಲ್‌ಡಿಎಲ್ ನೋಡುವುದಕ್ಕೆ ಊಟ ಬಿಟ್ಟೇ ಬರಬೇಕೆಂದಿಲ್ಲ. ಅದೇ ರಿಪೋರ್ಟಿನಲ್ಲಿರುವ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬು 400 ಮೀರಿದ್ದರೆ ಮಾತ್ರ ರಾತ್ರಿಯಿಡೀ ಉಪವಾಸವಿದ್ದು ಮತ್ತೆ ಮಾಡಿಸಿ. ಅಷ್ಟು ಏರಿದಾಗ ಲೆಕ್ಕ ಹಾಕಿ ತೆಗೆದ ಎಲ್‌ಡಿಎಲ್ ಅಂಕಿಗೆ ಅರ್ಥವಿಲ್ಲ.

ಆ ಲೆಕ್ಕ ಇಷ್ಟೇ: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್ ಎನ್ನುತ್ತಾರಲ್ಲ, ಅದು) ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಿರಿ. ಒಟ್ಟು 352, ಎಚ್‌ಡಿಎಲ್ 42, ಟ್ರೈಗ್ಲಿಸರೈಡ್ 150 ಇದ್ದರೆ, 352ರಿಂದ 42 ಮತ್ತು 30 ಹೋಗಿ 280 ಉಳಿಯಿತು. ಅದು ಡೆಸಿಲೀಟರಿಗೆ 280 ಮಿಲಿಗ್ರಾಂ ಎಲ್‌ಡಿಎಲ್.

ದೊಡ್ಡವರಲ್ಲಿ 190 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮನೆತನದ ದೋಷವನ್ನು ಅನುಮಾನಿಸಲೇಬೇಕು. ಮಕ್ಕಳಲ್ಲಿ ಆ ಗಡಿ 160. ಚಿಕಿತ್ಸೆ ಇಲ್ಲದೆ 400 ದಾಟಿದ್ದರೆ ಎರಡೂ ಪ್ರತಿ ಕೆಟ್ಟಿರುವ ಸಂಶಯ ಬರುತ್ತದೆ, ಅಂಥವರು ನೇರ ತಜ್ಞರಲ್ಲಿಗೆ ಹೋಗಬೇಕು.

ಅಂಕಿ ದಾರಿ ತಪ್ಪಿಸುವ ಎರಡು ಸಂದರ್ಭಗಳಿವೆ. ಹೃದಯಾಘಾತವಾದ ಮೊದಲ ದಿನ ಕಳೆದ ಮೇಲೆ ಎಲ್‌ಡಿಎಲ್ ತಾನಾಗಿ ಇಳಿಯುತ್ತದೆ, ಕೆಲವು ವಾರ ಹಾಗೇ ಇರುತ್ತದೆ. ಆಸ್ಪತ್ರೆಯಿಂದ ಬಿಡುವ ದಿನದ ರಿಪೋರ್ಟ್ ನೋಡಿ "ಕೊಲೆಸ್ಟ್ರಾಲ್ ಇಲ್ಲ" ಎಂದುಕೊಂಡು ಸುಮ್ಮನಾದ ಮನೆಗಳಿವೆ. ಇನ್ನೊಂದು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ಈಗಾಗಲೇ ನುಂಗುತ್ತಿರುವವರ ಅಂಕಿ. ಅವರ ಹಳೆಯ ಫೈಲ್ ತೆಗೆದು ಗುಳಿಗೆ ಶುರುವಾಗುವ ಮೊದಲಿನ ಅಂಕಿ ಹುಡುಕಿ.

ಹಂತ 3: ಮೈಮೇಲಿನ ಗುರುತು

ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುಬಂಧವನ್ನು ಎರಡು ಬೆರಳಲ್ಲಿ ಹಿಡಿದು ಮೇಲಿನಿಂದ ಕೆಳಗೆ ಸವರಿ. ದಪ್ಪವಾಗಿ, ಗಂಟುಗಂಟಾಗಿ ಹತ್ತಿದರೆ ಅದು ಕೊಲೆಸ್ಟ್ರಾಲ್ ಗಂಟು ಇರಬಹುದು. ಕೈಬೆರಳ ಗೆಣ್ಣುಗಳ ಮೇಲೂ ಬರುತ್ತದೆ. ದುಡಿಯುವ ಕೈಕಾಲಿನಲ್ಲಿ ಗಂಟು ಇರುವುದು ಸಹಜವೆಂದು ಜನ ಬಿಟ್ಟುಬಿಡುತ್ತಾರೆ, ಡಾಕ್ಟರರಿಗೆ ನೀವೇ ತೋರಿಸಿ ಹೇಳಿ. ಕಣ್ಣಿನ ಕರಿಗುಡ್ಡೆಯ ಅಂಚಿನ ಬೂದು ಉಂಗುರ ಮುಪ್ಪಿನಲ್ಲಿ ಸಾಮಾನ್ಯ, 45ಕ್ಕಿಂತ ಮೊದಲೇ ಕಂಡರೆ ಮಹತ್ವದ್ದು. ಈ ಗುರುತುಗಳು ಯಾವುವೂ ಇಲ್ಲದವರೇ ಹೆಚ್ಚು, ಆದ್ದರಿಂದ ಇಲ್ಲವೆಂದು ಸಮಾಧಾನ ಪಡಬೇಡಿ.

ಹಂತ 4: ಬೇರೆ ಕಾರಣ ತೆಗೆದುಹಾಕಿ

ಥೈರಾಯ್ಡ್ ಕಡಿಮೆಯಾದರೆ, ಮೂತ್ರದಲ್ಲಿ ವಿಪರೀತ ಪ್ರೋಟೀನ್ ಹೋಗುತ್ತಿದ್ದರೆ, ಪಿತ್ತದ ಹರಿವು ಕಟ್ಟಿದರೆ ಎಲ್‌ಡಿಎಲ್ ಏರುತ್ತದೆ. ಬಸಿರಿನಲ್ಲೂ ಏರುತ್ತದೆ. ಥೈರಾಯ್ಡ್ ನೋಡುವ ಟಿಎಸ್‌ಎಚ್, ಮೂತ್ರ ಪರೀಕ್ಷೆ, ಯಕೃತ್ತಿನ ಪರೀಕ್ಷೆ ಮೂರೂ ಆಗಲಿ.

ಹಂತ 5: ಅಂಕ ಕೂಡಿಸಿ

ಡಚ್ ಲಿಪಿಡ್ ಕ್ಲಿನಿಕ್ ಪದ್ಧತಿ ಎಂಬ ಅಂಕಪಟ್ಟಿಯನ್ನು ಎಲ್ಲ ಕಡೆ ಬಳಸುತ್ತಾರೆ. ಒಂದೊಂದು ಗುಂಪಿನಲ್ಲಿ ದೊಡ್ಡ ಅಂಕ ಒಂದನ್ನೇ ತೆಗೆದುಕೊಳ್ಳಬೇಕು.

ಒಡಹುಟ್ಟಿದವರು, ತಂದೆತಾಯಿ ಅಥವಾ ಮಕ್ಕಳಲ್ಲಿ ಯಾರಿಗಾದರೂ ಎಳೆ ವಯಸ್ಸಿನ ಹೃದ್ರೋಗ ಇದ್ದರೆ 1. ಅವರಲ್ಲಿ ಯಾರಿಗಾದರೂ ಸ್ನಾಯುಬಂಧದ ಗಂಟು ಅಥವಾ ಕಣ್ಣಿನ ಉಂಗುರ ಇದ್ದರೆ, ಇಲ್ಲವೇ 18ರೊಳಗಿನ ಮಕ್ಕಳಲ್ಲಿ ಎಲ್‌ಡಿಎಲ್ ತುಂಬ ಹೆಚ್ಚಿದ್ದರೆ 2. ರೋಗಿಗೇ ಎಳೆ ವಯಸ್ಸಿನಲ್ಲಿ ಹೃದ್ರೋಗ ಬಂದಿದ್ದರೆ 2, ಮೆದುಳಿನ ಅಥವಾ ಕಾಲಿನ ರಕ್ತನಾಳದ ರೋಗವಾಗಿದ್ದರೆ 1. ರೋಗಿಯ ಸ್ನಾಯುಬಂಧದಲ್ಲಿ ಗಂಟು ಇದ್ದರೆ 6, 45ರೊಳಗೆ ಕಣ್ಣಿನ ಉಂಗುರ ಬಂದಿದ್ದರೆ 4. ಎಲ್‌ಡಿಎಲ್ 330 ಮತ್ತು ಮೇಲೆ ಇದ್ದರೆ 8, 250ರಿಂದ 329 ಇದ್ದರೆ 5, 190ರಿಂದ 249 ಇದ್ದರೆ 3, 155ರಿಂದ 189 ಇದ್ದರೆ 1. ಜೀನ್ ಪರೀಕ್ಷೆಯಲ್ಲಿ ದೋಷ ಸಿಕ್ಕಿದ್ದರೆ 8.

ಒಟ್ಟು 8 ಮೀರಿದರೆ ಖಚಿತ, 6ರಿಂದ 8 ಬಹುತೇಕ ಇದೆ, 3ರಿಂದ 5 ಇರಬಹುದು. ಉದಾಹರಣೆಗೆ ಜಮಖಂಡಿಯ 38ರ ರೈತರೊಬ್ಬರ ತಂದೆ 46ಕ್ಕೆ ಹೃದಯಾಘಾತದಿಂದ ಹೋದವರು, ಇವರ ಎಲ್‌ಡಿಎಲ್ 280 ಎಂದಿಟ್ಟುಕೊಳ್ಳಿ. 1 ಮತ್ತು 5 ಸೇರಿ 6, ಅಂದರೆ ಬಹುತೇಕ ಇದೆ. ಹಿಮ್ಮಡಿಯಲ್ಲಿ ಗಂಟು ಹತ್ತಿದರೆ ಇನ್ನೊಂದು 6 ಸೇರಿ 12 ಆಗಿ ಖಚಿತವಾಗುತ್ತದೆ. ಇಲ್ಲಿಯವರೆಗೆ ಜೀನ್ ಪರೀಕ್ಷೆಯೇ ಬೇಕಾಗಲಿಲ್ಲ. ಚಿಕಿತ್ಸೆ ಶುರು ಮಾಡಲು ಅದರ ದಾರಿ ಕಾಯಬೇಕಿಲ್ಲ ಎಂದು ನಾನು ಒತ್ತಿ ಹೇಳುತ್ತೇನೆ.

ಹಂತ 6: ಜೀನ್ ಪರೀಕ್ಷೆ, ರಿಪೋರ್ಟ್ ಓದುವ ಬಗೆ

ಪರೀಕ್ಷೆ ಮಾಡಿಸುವುದಾದರೆ ಮನೆತನದಲ್ಲಿ ಎಲ್‌ಡಿಎಲ್ ಅತಿ ಹೆಚ್ಚಿರುವವರಿಂದ ಶುರು ಮಾಡಿ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು, ವಿಜಯಪುರದ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲಿ ಹೃದ್ರೋಗ ಅಥವಾ ಜನರಲ್ ಮೆಡಿಸಿನ್ ವಿಭಾಗದಲ್ಲಿ ಮೊದಲು ವಿಚಾರಿಸಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಹೈದರಾಬಾದಿನ ಸಿಡಿಎಫ್‌ಡಿ (ಸೆಂಟರ್ ಫಾರ್ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಅಂಡ್ ಡಯಾಗ್ನಾಸ್ಟಿಕ್ಸ್) ವಂಶವಾಹಿ ರೋಗಗಳ ಬಗ್ಗೆ ಕೆಲಸ ಮಾಡುವ ಸಂಸ್ಥೆಗಳು. ಬೇಕಾಗುವುದು ಸ್ವಲ್ಪ ರಕ್ತ ಅಷ್ಟೇ, ಸ್ಯಾಂಪಲ್ ಕಳಿಸಿದರೆ ಸಾಕಾಗುವುದೋ ಎಂದು ಮೊದಲೇ ಕೇಳಿ. ಎಲ್‌ಡಿಎಲ್‌ಆರ್ ಒಂದನ್ನೇ ನೋಡುವ ಪರೀಕ್ಷೆಗಿಂತ ಎಪಿಒಬಿ, ಪಿಸಿಎಸ್‌ಕೆ9, ಎಲ್‌ಡಿಎಲ್‌ಆರ್‌ಎಪಿ1 ಜೀನುಗಳನ್ನೂ ಸೇರಿಸಿ ನೋಡುವ ಪ್ಯಾನೆಲ್ ಒಳ್ಳೆಯದು. ಎಲ್‌ಡಿಎಲ್‌ಆರ್ ದೋಷಗಳಲ್ಲಿ ಸುಮಾರು ಹತ್ತರಲ್ಲಿ ಒಂದು, ಜೀನಿನ ದೊಡ್ಡ ತುಣುಕೇ ಅಳಿದಿರುವ ಅಥವಾ ಎರಡಾಗಿರುವ ಬಗೆಯದು. ಆ ಬಗೆಯನ್ನೂ ಪರೀಕ್ಷೆ ಹಿಡಿಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ರಿಪೋರ್ಟಿನಲ್ಲಿ ಮೂರು ಕಡೆ ಕಣ್ಣಿಡಿ. ಜೀನಿನ ಹೆಸರಿನ ಪಕ್ಕದಲ್ಲಿ ದೋಷದ ವಿಳಾಸ ಇರುತ್ತದೆ: 'ಸಿ' ಎಂದು ಶುರುವಾದರೆ ಡಿಎನ್‌ಎ ಬದಲಾದ ಜಾಗ, 'ಪಿ' ಎಂದು ಶುರುವಾದರೆ ಪ್ರೋಟೀನಿನಲ್ಲಿ ಬದಲಾದ ಜಾಗ. ಇದನ್ನು ಹಾಗೇ ಫೋಟೋ ತೆಗೆದಿಡಿ, ನೆಂಟರಿಷ್ಟರ ಪರೀಕ್ಷೆಗೆ ಇದೇ ಕೀಲಿಕೈ. ಎರಡನೆಯದು, ಹೆಟೆರೊಜೈಗಸ್ ಎಂದಿದ್ದರೆ ಒಂದು ಪ್ರತಿ ಕೆಟ್ಟಿದೆ, ಹೋಮೊಜೈಗಸ್ ಎಂದಿದ್ದರೆ ಎರಡೂ. ಮೂರನೆಯದು ತೀರ್ಪು. ಪ್ಯಾಥೊಜೆನಿಕ್ ಅಥವಾ ಲೈಕ್ಲಿ ಪ್ಯಾಥೊಜೆನಿಕ್ ಎಂದಿದ್ದರೆ ಅದನ್ನೇ ರೋಗದ ಕಾರಣವೆಂದು ಹಿಡಿಯುತ್ತಾರೆ. ವಿಯುಎಸ್ ಎಂದಿದ್ದರೆ ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ಅದನ್ನು ಹಿಡಿದು ನೆಂಟರಲ್ಲಿ ರೋಗ ಇದೆ, ಇಲ್ಲ ಎಂದು ಹೇಳಕೂಡದು.

ಏನೂ ಸಿಗಲಿಲ್ಲ ಎಂದು ಬಂದರೂ 280ರ ಎಲ್‌ಡಿಎಲ್ 280 ಆಗಿಯೇ ಇರುತ್ತದೆ. ಗುಳಿಗೆ ಬಿಡಬೇಡಿ.

ಹಂತ 7: ನೆಂಟರ ಸರಣಿ ತಪಾಸಣೆ

ನನ್ನ ಲೆಕ್ಕದಲ್ಲಿ ಇಡೀ ಕೆಲಸದ ತಿರುಳು ಇದು. ಒಬ್ಬರಲ್ಲಿ ಪತ್ತೆಯಾದರೆ ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ ಇರುವ ಸಾಧ್ಯತೆ 2ರಲ್ಲಿ 1. ಕಾಕಾ, ಅತ್ತಿ, ಸೋದರಮಾವ, ಚಿಗವ್ವಂದಿರಲ್ಲಿ, ಅಕ್ಕ ಅಣ್ಣಂದಿರ ಮಕ್ಕಳಲ್ಲಿ 4ರಲ್ಲಿ 1. ಹಂತ 1ರ ನಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಹತ್ತಿರದವರಿಂದ ಶುರು ಮಾಡಿ, ಹೊಸದಾಗಿ ಸಿಕ್ಕ ಪ್ರತಿಯೊಬ್ಬರಿಂದ ಮತ್ತೆ ಅವರ ಹತ್ತಿರದವರಿಗೆ ಸಾಗಿ. ದೋಷದ ವಿಳಾಸ ಗೊತ್ತಿದ್ದರೆ ಆ ಒಂದು ಜಾಗ ನೋಡಿದರೆ ಸಾಕು, ಖರ್ಚು ಬಹಳ ಇಳಿಯುತ್ತದೆ. ಗೊತ್ತಿಲ್ಲದಿದ್ದರೂ ಎಲ್ಲರಿಗೂ ಒಂದೊಂದು ಲಿಪಿಡ್ ಪ್ರೊಫೈಲ್ ಆಗಲಿ.

ಈಗ ಸಂಬಂಧದ ಮದುವೆಯ ಮಾತು. ನಮ್ಮ ಮೂರೂ ಜಿಲ್ಲೆಗಳಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವ ರೂಢಿ ಇನ್ನೂ ಇದೆ. ಒಬ್ಬ ಗಂಡಿಗೆ ಈ ದೋಷ ಇದೆ ಎನ್ನಿ. ಹೊರಗಿನ ಹೆಣ್ಣಿಗೂ ಅದೇ ತೊಂದರೆ ಇರುವ ಸಾಧ್ಯತೆ 300ರಲ್ಲಿ 1. ಅಕ್ಕನ ಮಗಳಿಗೆ ಇರುವ ಸಾಧ್ಯತೆ 4ರಲ್ಲಿ 1. ಸೋದರಮಾವನ ಮಗಳಿಗೆ 8ರಲ್ಲಿ 1, ಗಂಡಿಗೆ ದೋಷ ಬಂದದ್ದು ತಾಯಿಯ ಕಡೆಯಿಂದಲೇ ಎಂದು ಗೊತ್ತಿದ್ದರೆ 4ರಲ್ಲಿ 1. ಗಂಡ ಹೆಂಡತಿ ಇಬ್ಬರಿಗೂ ಇದ್ದರೆ ಹುಟ್ಟುವ ಪ್ರತಿ ಮಗುವಿಗೆ ಎರಡೂ ಪ್ರತಿ ಕೆಟ್ಟಿರುವ ಸಾಧ್ಯತೆ 4ರಲ್ಲಿ 1. ಗುಣಿಸಿ ನೋಡಿ: ಹೊರಗಿನ ಮದುವೆಯಲ್ಲಿ 1200ರಲ್ಲಿ 1, ಅಕ್ಕನ ಮಗಳೊಂದಿಗಿನ ಮದುವೆಯಲ್ಲಿ 16ರಲ್ಲಿ 1. ಲೆಬನಾನಿನಲ್ಲಿ ಸಂಬಂಧದಲ್ಲಿ ಮದುವೆಯಾದ ಮನೆತನಗಳನ್ನು ನೋಡಿಯೇ ವೈದ್ಯ ಅವೆದಿಸ್ ಖಚದೂರಿಯನ್ 1964ರಲ್ಲಿ ಒಂದು ಪ್ರತಿ ಕೆಟ್ಟವರಿಗೂ ಎರಡೂ ಕೆಟ್ಟವರಿಗೂ ಇರುವ ಅಂತರವನ್ನು ಸ್ಪಷ್ಟಪಡಿಸಿದ್ದರು.

ಆದ್ದರಿಂದ ಇಂಥ ಮನೆತನದಲ್ಲಿ ಸಂಬಂಧದ ಮಾತು ನಡೆದಿದ್ದರೆ ನಿಶ್ಚಯಕ್ಕೆ ಮೊದಲು ಹುಡುಗ ಹುಡುಗಿ ಇಬ್ಬರ ಎಲ್‌ಡಿಎಲ್ ನೋಡಿಸಿ. ಇಬ್ಬರಲ್ಲೂ ಹೆಚ್ಚಿದ್ದರೆ ಜೆನೆಟಿಕ್ ಕೌನ್ಸೆಲರ್ ಜೊತೆ ಮನೆಯವರೆಲ್ಲ ಕೂತು ಮಾತಾಡಿ. ಈಗಾಗಲೇ ಮದುವೆಯಾಗಿದ್ದರೆ ಯಾರನ್ನೂ ದೂರಬೇಡಿ, ಮಕ್ಕಳ ರಕ್ತ ಪರೀಕ್ಷೆಯನ್ನು ಮೊದಲು ಮಾಡಿಸಿ. "ನಿಮ್ಮ ತವರಿನಿಂದ ಬಂತು" ಎಂಬ ಮಾತು ಎಷ್ಟೋ ಹೆಣ್ಣುಮಕ್ಕಳ ಬಾಯಿ ಕಟ್ಟಿಹಾಕುತ್ತದೆ, ಅವರು ಆಮೇಲೆ ಪರೀಕ್ಷೆಗೇ ಬರುವುದಿಲ್ಲ.

ನೆಂಟರಿಗೆ ಹೇಗೆ ಹೇಳಬೇಕೆಂದು ತೋಚದಿದ್ದರೆ ಹೀಗೆ ವಾಟ್ಸಾಪ್ ಮಾಡಿ:

"ಅಕ್ಕಾ, ನನಗ ಮನಿತನದಾಗಿಂದ ಬಂದ ಕೊಲೆಸ್ಟ್ರಾಲ್ ತೊಂದ್ರಿ ಐತಿ ಅಂತ ಡಾಕ್ಟರ್ ಹೇಳ್ಯಾರ. ಅಪ್ಪಗ ಆಗಿದ್ದೂ ಇದ ಇರಬೇಕು. ನಿನಗೂ ಇರಬಹುದು, ಮಕ್ಕಳಿಗೂ ಇರಬಹುದು. ಉಪವಾಸ ಇರೂದು ಬ್ಯಾಡ, ರಕ್ತ ಕೊಟ್ಟು ಲಿಪಿಡ್ ಪ್ರೊಫೈಲ್ ಮಾಡ್ಸು. ಎಲ್‌ಡಿಎಲ್ ಅಂತ ಬರದಿದ್ದ ಅಂಕಿ ನನಗ ಕಳಸು. ಇದಕ್ಕ ಗುಳಗಿ ಐತಿ, ಅಂಜಬ್ಯಾಡ."

ಹಂತ 8: ಚಿಕಿತ್ಸೆ, ಅದು ಗ್ರಾಹಕದ ಮೇಲೆ ಮಾಡುವ ಕೆಲಸ

ಸ್ಟ್ಯಾಟಿನ್ ಗುಳಿಗೆಗಳು ಯಕೃತ್ತಿನ ಕೋಶದೊಳಗೆ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸುತ್ತವೆ. ಕೊರತೆಯಾದ ಕೋಶ, ಸರಿಯಿರುವ ಜೀನ್ ಪ್ರತಿಯಿಂದ ಇನ್ನಷ್ಟು ಗ್ರಾಹಕಗಳನ್ನು ತಯಾರಿಸಿ ಹೊರಮೈಗೆ ಕಳಿಸುತ್ತದೆ. ಅಟೊರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ಎರಡೂ ಜನೌಷಧಿ ಕೇಂದ್ರಗಳ ಪಟ್ಟಿಯಲ್ಲಿವೆ. ಸಾಲದಿದ್ದರೆ ಎಜೆಟಿಮೈಬ್ ಸೇರಿಸುತ್ತಾರೆ, ಅದು ಕರುಳಿನಿಂದ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುತ್ತದೆ. ಅದಕ್ಕೂ ಜಗ್ಗದಿದ್ದರೆ ಪಿಸಿಎಸ್‌ಕೆ9 ತಡೆಯುವ ಇಂಜೆಕ್ಷನ್‌ಗಳಿವೆ. ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಗ್ರಾಹಕಕ್ಕೆ ಅಂಟಿಕೊಂಡು ಅದು ಹೊರಮೈಗೆ ಮರಳದೆ ಕೋಶದೊಳಗೇ ನಾಶವಾಗುವಂತೆ ಮಾಡುತ್ತದೆ, ಅದನ್ನು ತಡೆದರೆ ಗ್ರಾಹಕ ಹೆಚ್ಚು ಕಾಲ ದುಡಿಯುತ್ತದೆ.

ಗುರಿ ಎಷ್ಟು? 2019ರ ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿಯಂತೆ ಹೃದ್ರೋಗ ಇನ್ನೂ ಬಾರದ, ಬೇರೆ ದೊಡ್ಡ ಅಪಾಯಕಾರಿ ಅಂಶವೂ ಇಲ್ಲದ ರೋಗಿಗೆ ಎಲ್‌ಡಿಎಲ್ 70ರ ಕೆಳಗೆ, ಈಗಾಗಲೇ ಬಂದಿದ್ದರೆ 55ರ ಕೆಳಗೆ ಇಳಿಯಬೇಕು, ಜೊತೆಗೆ ಮೊದಲಿದ್ದ ಅಂಕಿಯ ಅರ್ಧಕ್ಕಾದರೂ ಬರಬೇಕು. ಲ್ಯಾಬ್ ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ನಾರ್ಮಲ್ ಗಡಿ ನಿಮಗೆ ಅನ್ವಯಿಸುವುದಿಲ್ಲ.

ಅಂಕಿ ಇಳಿದೊಡನೆ ಗುಳಿಗೆ ಬಿಡುವವರು ಬಹಳ. ಇಳಿದದ್ದು ಗುಳಿಗೆಯಿಂದ, ಜೀನು ಹಾಗೇ ಇದೆ. ಬಿಟ್ಟ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಿಂದಿನ ಜಾಗಕ್ಕೆ ಏರುತ್ತದೆ. ಮೈಕೈ ನೋವು ಬಂದರೆ ಡಾಕ್ಟರರಿಗೆ ಹೇಳಿ ಗುಳಿಗೆ ಅಥವಾ ಪ್ರಮಾಣ ಬದಲಿಸಿಕೊಳ್ಳಿ. ಮಗು ಬೇಕೆಂದುಕೊಂಡ ಹೆಣ್ಣುಮಕ್ಕಳು ಬಸಿರಾಗುವ ಮೊದಲೇ ಡಾಕ್ಟರರನ್ನು ಕಂಡು, ಯಾವ ಗುಳಿಗೆ ಯಾವಾಗ ನಿಲ್ಲಿಸಬೇಕೆಂದು ಕೇಳಬೇಕು.

ಊಟದಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು ಒಳ್ಳೆಯದೇ. ತುಪ್ಪ, ಬೆಣ್ಣೆ, ವನಸ್ಪತಿ, ಕುಂದಾ, ಕರಿದದ್ದು ಕಡಿಮೆ ಮಾಡಿ. ಊಟವೊಂದರಿಂದ ಈ ರೋಗ ಹತೋಟಿಗೆ ಬರುತ್ತದೆಂದು ಮಾತ್ರ ಕಾಯಬೇಡಿ. ಬೀಡಿ, ಗುಟ್ಕಾ, ತಂಬಾಕು ಪೂರ್ತಿ ನಿಲ್ಲಬೇಕು, ಇದರಲ್ಲಿ ರಾಜಿ ಇಲ್ಲ. ಎಲ್‌ಡಿಎಲ್‌ನಂಥದೇ ಇನ್ನೊಂದು ಉಂಡೆಯನ್ನು ಅಳೆಯುವ ಲಿಪೊಪ್ರೋಟೀನ್ (ಎ) ಎಂಬ ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾಡಿಸಿ, ಅದೂ ಹೆಚ್ಚಿದ್ದರೆ ಅಪಾಯ ಇನ್ನೂ ಹೆಚ್ಚು.

ಹಂತ 9: ಮಕ್ಕಳು

ತಂದೆ ಅಥವಾ ತಾಯಿಗೆ ಇದ್ದರೆ ಮಗುವಿನ ಎಲ್‌ಡಿಎಲ್ ಅನ್ನು ಶಾಲೆಗೆ ಸೇರುವ ವಯಸ್ಸಿನ ಹೊತ್ತಿಗೆ ನೋಡಿಸಿ. ಒಂದು ಪ್ರತಿ ಕೆಟ್ಟಿರುವ ಮಕ್ಕಳಿಗೆ ಸಾಮಾನ್ಯವಾಗಿ 8ರಿಂದ 10 ವರ್ಷದ ಹೊತ್ತಿಗೆ ಸ್ಟ್ಯಾಟಿನ್ ಶುರು ಮಾಡುವ ಬಗ್ಗೆ ತಜ್ಞರು ಯೋಚಿಸುತ್ತಾರೆ. ಆಟ, ಓಟ, ಕುಸ್ತಿ, ಶಾಲೆ ಎಲ್ಲ ಎಂದಿನಂತೆ ನಡೆಯಲಿ.

ಅಪ್ಪ ಅವ್ವ ಇಬ್ಬರಲ್ಲೂ ಎಲ್‌ಡಿಎಲ್ ಹೆಚ್ಚಿದ್ದರೆ ಮಾತ್ರ ಆ ವಯಸ್ಸಿಗೆ ಕಾಯಬೇಡಿ, ಪರೀಕ್ಷೆ ಮೊದಲೇ ಆಗಬೇಕು. ಎರಡೂ ಪ್ರತಿ ಕೆಟ್ಟ ಮಗುವಿನ ಮೊಣಕೈ, ಮೊಣಕಾಲು, ಕುಂಡಿ, ಬೆರಳ ಸಂದಿಯಲ್ಲಿ ಹಳದಿ ಅಥವಾ ಕಿತ್ತಳೆ ಬಣ್ಣದ ಗಂಟುಗಳು ಹತ್ತು ವರ್ಷದೊಳಗೇ ಏಳುತ್ತವೆ. ನೋವಿರುವುದಿಲ್ಲ, ಚರ್ಮರೋಗವೆಂದು ಮುಲಾಮು ಹಚ್ಚುತ್ತ ವರ್ಷಗಳು ಹೋಗುತ್ತವೆ. ಇಂಥ ಗಂಟು ಕಂಡ ದಿನವೇ ಲಿಪಿಡ್ ಪ್ರೊಫೈಲ್ ಮಾಡಿಸಿ, ಹೃದಯದ ಎಕೋ ಮಾಡಿಸಿ. ಈ ಮಕ್ಕಳಲ್ಲಿ ಮಹಾಪಧಮನಿಯ ಕವಾಟ ಕಿರಿದಾಗುವುದುಂಟು. ಗ್ರಾಹಕವೇ ಇಲ್ಲದಿದ್ದರೆ ಸ್ಟ್ಯಾಟಿನ್ ಮತ್ತು ಪಿಸಿಎಸ್‌ಕೆ9 ಇಂಜೆಕ್ಷನ್ ಎರಡಕ್ಕೂ ಹಿಡಿದು ಕೆಲಸ ಮಾಡಲು ಏನೂ ಇರುವುದಿಲ್ಲ. ಆಗ ಯಂತ್ರದ ಮೂಲಕ ರಕ್ತದಿಂದ ಎಲ್‌ಡಿಎಲ್ ಸೋಸುವ ಅಫೆರೆಸಿಸ್, ಗ್ರಾಹಕದ ಹಂಗಿಲ್ಲದೆ ಕೆಲಸ ಮಾಡುವ ಲೊಮಿಟಾಪೈಡ್, ಎವಿನಾಕ್ಯುಮ್ಯಾಬ್‌ನಂಥ ಔಷಧ, ಕೊನೆಗೆ ಯಕೃತ್ತಿನ ಕಸಿ ಎಂಬ ದಾರಿಗಳಿವೆ. ಕಸಿ ಮಾಡಿದ ಯಕೃತ್ತು ಸರಿಯಾದ ಗ್ರಾಹಕಗಳನ್ನು ಹೊತ್ತು ಬರುತ್ತದೆ. 1984ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಇದೇ ಕಾಯಿಲೆಯ ಆರು ವರ್ಷದ ಹುಡುಗಿಗೆ ಹೃದಯ ಮತ್ತು ಯಕೃತ್ತು ಎರಡನ್ನೂ ಒಟ್ಟಿಗೆ ಕಸಿ ಮಾಡಿದಾಗ ಅವಳ ಕೊಲೆಸ್ಟ್ರಾಲ್ ಬಹಳಷ್ಟು ಇಳಿದಿತ್ತು.

ಇಂಥ ಮಗುವನ್ನು ನೋಡಿಕೊಳ್ಳಲು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಯಂಥ ದೊಡ್ಡ ಕೇಂದ್ರಕ್ಕೆ ಹೋಗಬೇಕಾಗಬಹುದು. ಹೋಗುವಾಗ ಮನೆತನದ ನಕ್ಷೆ, ಅಪ್ಪ ಅವ್ವನ ಲಿಪಿಡ್ ಪ್ರೊಫೈಲ್, ಮಗುವಿನ ಗಂಟುಗಳ ಫೋಟೋ, ಎಕೋ ರಿಪೋರ್ಟ್, ಮಾಡಿಸಿದ್ದರೆ ಜೀನ್ ರಿಪೋರ್ಟ್, ಇಷ್ಟನ್ನು ಒಂದೇ ಫೈಲಿನಲ್ಲಿ ಹಾಕಿಕೊಂಡು ಹೋಗಿ.